ಕೆಳಮೂಲೆಯ ಪದ

ಬಲಗಡೆಯಿಂದ ತೆರೆಯಬೇಕು, ಅಂದರು ಖೈರೂನ್‌ಬಿ.
ನಾನು ಎಡಗಡೆಯವನು. ಮೂವತ್ತು ವರ್ಷ
ಸೊಸೈಟಿಯ ಲೆಡ್ಜರು, ಕೋರ್ಟಿನ ಕಡತ,
ಪುರಾಣ, ಪಂಚಾಂಗ, ಶಾಲೆಯ ಹಾಜರಿ
ಎಲ್ಲಕ್ಕೂ ಎಡಗಡೆಯೇ ಬೆನ್ನು ಕಟ್ಟಿದ ಕೈ.
ದುರ್ಗಿಗುಡಿಯ ಈ ಅಂಗಡಿಯಲ್ಲಿ ಮೊದಲ ಸಲ
ಒಂದು ಪುಸ್ತಕ ಕೊನೆಯಿಂದ ಶುರುವಾಯಿತು.

ಲವಂಗ, ಬೇವಿನೆಲೆ, ಹಳೇ ರುಮಾಲು.
ಬಿಚ್ಚಿದರೆ ಹೊಲಿಗೆ ಕಳಚಿದ ನೂರಾ ಹನ್ನೊಂದು ಹಾಳೆ,
ಇಸ್ಪೀಟಿನಂತೆ ಕಲಸಿಹೋಗಿವೆ.
ಫಾರ್ಸಿ, ಅಂದರು.
ಓದ್ತೀರಾ?
ಇಲ್ಲ. ನೀವು?
ನಾನು ನಕ್ಕೆ.
ತಾತ ಓದುತ್ತ ಅಳುತ್ತಿದ್ದರಂತೆ,
ಯಾಕೆಂದು ಕೇಳಿದರೆ ನಗುತ್ತಿದ್ದರಂತೆ.

ಚಿತ್ರಗಳು ಏಳು.
ಒಂದರಲ್ಲಿ ಬರಿಗಾಲ ಫಕೀರ, ಹೊಳೆಯ ದಂಡೆ.
ಯಾರದೋ ಬೆರಳು ಸವರಿ ಸವರಿ
ಅವನ ಮುಖ ಸವೆದ ನಾಣ್ಯದಷ್ಟು ನಯ.
ಹೊಳೆ ಮಾತ್ರ ಸೀದ ಬಾಣಲೆಯ ಕಪ್ಪು.
ದುಃಖದ ಹೊಳೆಯಿರಬೇಕು ಅಂದುಕೊಂಡೆ.
ಎದುರಂಗಡಿಯ ದಾಮೋದರ ಶೇಟರು ಭೂತಗನ್ನಡಿ ಹಿಡಿದು
"ಬೆಳ್ಳಿ ಕಣಯ್ಯ, ಹೊಳೆಯಲೆಂದೇ ಬಳಿದ ಹೊಳೆ.
ಗಾಳಿ ಕುಡಿದು ಹೀಗಾಗಿದೆ. ತಿಕ್ಕಬೇಡ,
ಕಪ್ಪಿನ ಜೊತೆ ನೀರೂ ಹೋದೀತು."
ಆ ಸಂಜೆ ಹಳೇ ಸೇತುವೆ ಮೇಲೆ ಸೈಕಲ್ ನಿಲ್ಲಿಸಿ
ತುಂಗೆಯನ್ನು ಸ್ವಲ್ಪ ಹೊತ್ತು ನೋಡಿದೆ.

ಓದಲಾರದವನು ಹಾಳೆ ಜೋಡಿಸುವುದು ಹೇಗೆ?
ಮೂರು ದಿನ ಸುಮ್ಮನೆ ಕೂತೆ. ನಾಲ್ಕನೆಯ ದಿನ ಕಂಡಿತು:
ಪ್ರತಿ ಹಾಳೆಯ ಕೆಳಮೂಲೆಯಲ್ಲಿ, ಓರೆಯಾಗಿ,
ಸಾಲಿನಿಂದ ಹೊರಬಿದ್ದ ಒಂದೇ ಒಂದು ಪದ.
ಅದೇ ಬಾಲ, ಅದೇ ಎರಡು ಚುಕ್ಕಿ
ಬೇರೊಂದು ಹಾಳೆಯ ನೆತ್ತಿಯಲ್ಲಿ.
ಕೂಗುವ ಪದ, ಓಗೊಡುವ ಪದ.
ಬರೆದವನಿಗೆ ಗೊತ್ತಿತ್ತೇನೋ
ನನ್ನಂಥವನ ಕೈಗೂ ಇದು ಬಂದೀತೆಂದು.

ಬಾಲಕ್ಕೆ ಬಾಲ ನೋಡುತ್ತ ಸೇರಿಸಿದೆ.
ಹುಳು ಕೊರೆದ ತೂತು ಸಾಕ್ಷಿ ನುಡಿಯಿತು;
ರಟ್ಟಿನಿಂದ ರಟ್ಟಿಗೆ ಈ ಕಾವ್ಯವನ್ನು
ನೇರ ಹೊಕ್ಕು ಹೊರಟದ್ದು ಅದೊಂದೇ.
ಅಂಟಿಗೆ ಮೈಲುತುತ್ತ ಬೆರೆಸಲು ಈ ಸಲ ಕೈ ಬರಲಿಲ್ಲ.

ಎಪ್ಪತ್ತೆರಡನೆಯದರ ಮೂಲೆ ಕೂಗಿತು.
ಯಾರೂ ಓಗೊಡಲಿಲ್ಲ.
ಎಲ್ಲ ನೆತ್ತಿಗಳನ್ನೂ ಹುಡುಕಿದೆ, ಮೇಜಿನ ಕೆಳಗೂ.
ಖೈರೂನ್‌ಬಿ ಬಂದರು, ನೋಡಿದರು, ತಡೆದು ಹೇಳಿದರು:
ನಾನು ಅಮ್ಮನ ಹೊಟ್ಟೆಯಲ್ಲಿದ್ದೆ. ಜ್ವರ ಇಳಿಯಲಿಲ್ಲ.
ತಾತ ಒಂದು ಹಾಳೆಯನ್ನು ಬಟ್ಟಲ ನೀರಲ್ಲಿ ತೊಳೆದು
ಶಾಯಿ ಕುಡಿಸಿದರಂತೆ.
ಯಾವುದೆಂದು ಇವತ್ತು ತಿಳಿಯಿತು.

ಖಾಲಿ ಹಾಳೆಯೊಂದನ್ನು ಹೊಲಿಯಲೇ?
ಬೇಡ, ಅಂದರು.
ಅವರ ಬೆರಳು ಇನ್ನೂ ಆ ಮೂಲೆಯಲ್ಲೇ ಇತ್ತು.

ಹಾಳೆಗಿಷ್ಟು ಎಂದು ಕೂಲಿ ಬರೆಯುವಾಗ
ನೂರಾ ಹನ್ನೊಂದೋ, ಹನ್ನೆರಡೋ,
ಎರಡು ಸಲ ಬರೆದೆ, ಎರಡು ಸಲ ಹೊಡೆದುಹಾಕಿದೆ.