ಖಾಲಿ ಪೀರಿಯಡ್

ನಾಳೆಯಿಂದ ನಿನಗೆ ಯೂನಿಫಾರ್ಮ್ ಇಲ್ಲ, ಮಾರ್ನಿ.
ಅದಕ್ಕೇ ತಾನೆ ಮಂಚದ ಮೇಲೆ
ಏಳು ಅಂಗಿ ಹರವಿಕೊಂಡು
ಒಂದನ್ನೂ ತೊಡದೆ ಕೂತಿದ್ದೀಯ?
ಐದು ವರ್ಷ ಬೈದ ಆ ಬಾಟಲಿ ಹಸಿರು ಸ್ವೆಟರು
ಈಗ ಬೇಕೆನಿಸುತ್ತಿದೆ, ಅಲ್ಲವಾ?
ನನಗೂ ಅನಿಸಿತ್ತು.

ಕೇಳು, ನಾನೇನು ಓದಿದವಳಲ್ಲ.
ಗ್ರಿಮ್ಸ್‌ಬಿಯ ಡಾಕಿನಲ್ಲಿ ಬೆಳಗಿನ ಜಾವ ನಾಲ್ಕಕ್ಕೆ
ಹ್ಯಾಡಕ್ ಮೀನಿನ ಬೆನ್ನು ಸೀಳುವವಳು.
ನೀಲಿ ಟೋಪಿ, ಬಿಳಿ ಬೂಟು,
ಎಷ್ಟು ನಿಂಬೆ ತಿಕ್ಕಿದರೂ ಹೋಗದ ಬೆರಳ ವಾಸನೆ.
ಆದರೆ ಆ ಸಿಕ್ಸ್ತ್ ಫಾರ್ಮ್ ಕಟ್ಟಡದಲ್ಲಿ ನಾನೂ ಇದ್ದೆ,
ಸೆಪ್ಟೆಂಬರಿನಿಂದ ಅರ್ಧ ಫೆಬ್ರವರಿಯವರೆಗೆ.
ಬಿದ್ದವಳಿಗೇ ಗುಂಡಿಯ ಆಳ ಗೊತ್ತು.

ಹತ್ತು ವಿಷಯ ಹೋಗಿ ಮೂರೇ ಉಳಿಯುತ್ತವೆ.
ಹಗುರಾಯಿತು ಅಂದುಕೊಳ್ಳಬೇಡ.
ಹತ್ತು ಜನರ ಮನೆಯಲ್ಲಿ ಕಣ್ಣು ತಪ್ಪಿಸಿ ಓಡಾಡಬಹುದು,
ಮೂವರೇ ಇದ್ದರೆ ಎಲ್ಲರೂ ನಿನ್ನನ್ನೇ ನೋಡುತ್ತಾರೆ.
ಕೆಮಿಸ್ಟ್ರಿಯಂತೂ ನಮ್ಮ ಅಜ್ಜಿಯ ಥರ:
ಒಂದು ಭಾನುವಾರ ಹೋಗಲಿಲ್ಲವೋ
ಮುಂದಿನ ತಿಂಗಳವರೆಗೆ ಮುಖ ಕೊಡುವುದಿಲ್ಲ.

ಮೇಷ್ಟರನ್ನು ಹೆಸರು ಹಿಡಿದೇ ಕರೆಯಿರಿ ಅನ್ನುತ್ತಾರೆ.
ಓಸ್ಗರ್ಬಿ ಮೇಷ್ಟರನ್ನು ‘ಕ್ಲೈವ್’ ಅನ್ನಲು
ನನಗೆ ನಾಲಿಗೆ ಹೊರಳಲೇ ಇಲ್ಲ;
ಹೆಸರೇ ಎತ್ತದೆ, ಕೆಮ್ಮಿ ಕೆಮ್ಮಿ
ಕ್ರಿಸ್‌ಮಸ್‌ವರೆಗೆ ಸಾಗಿಸಿದೆ.
ನೀನು ಕರೆ.
ತಿಳಿಯದಿದ್ದರೆ ಕೈ ಎತ್ತು.
ಸುತ್ತ ಎಲ್ಲರೂ ತಲೆಯಾಡಿಸುತ್ತಿರುತ್ತಾರೆ;
ಅವರಿಗೂ ತಿಳಿದಿರುವುದಿಲ್ಲ.
ಇದು ನನಗೆ ಗೊತ್ತಾದದ್ದು ಒಂಬತ್ತು ವರ್ಷದ ಮೇಲೆ:
ಆಗ ಆಡಿದ ತಲೆಗಳಲ್ಲಿ ಎರಡು
ಈಗ ನನ್ನ ಪಕ್ಕದಲ್ಲೇ ಮೀನು ಸೀಳುತ್ತವೆ.

ಇನ್ನು ಖಾಲಿ ಪೀರಿಯಡ್.
ಅದೇ ನೋಡು, ನನ್ನನ್ನು ತಿಂದದ್ದು.
ಟೈಮ್‌ಟೇಬಲ್ಲಿನಲ್ಲಿ ಒಂದು ಬಿಳಿ ಚೌಕ.
ಯಾರೂ ಕರೆಯದ, ಯಾರೂ ಬೈಯದ
ಐವತ್ತೈದು ನಿಮಿಷ.
ಮೊದಲ ವಾರ ಕಾಮನ್ ರೂಮಿನ ಕೆಟಲ್ ಸುತ್ತ ಕಳೆದೆ,
ಎರಡನೆಯ ವಾರ ಚಿಪ್ಸ್ ಅಂಗಡಿ,
ಆಮೇಲೆ ಡಾಕಿನ ಗೋಡೆ,
ಆಮೇಲೆ ಡ್ಯಾರಿಲ್ ಎಂಬೊಬ್ಬನ ಕಾರು.
ಕಾಲುಚೀಲದ ತೂತಿನ ಹಾಗೆ
ಆ ಬಿಳುಪು ಪಕ್ಕದ ಚೌಕಕ್ಕೂ ಹಬ್ಬಿತು.
ಫೆಬ್ರವರಿಗೆ ಇಡೀ ಹಾಳೆಯೇ ಖಾಲಿ.

ಹಾಗಂತ ಪುಸ್ತಕದಲ್ಲೇ ಹುದುಗಿರು ಅನ್ನುತ್ತಿಲ್ಲ.
ನಾಟಕಕ್ಕೆ ಸೇರು, ಕೆಟ್ಟದಾಗಿ ನಟಿಸು.
ಒಬ್ಬಳೇ ಕೂತು ಉಣ್ಣುವ ಹುಡುಗಿಯೊಬ್ಬಳು ಇದ್ದೇ ಇರುತ್ತಾಳೆ,
ನಿನ್ನ ತಟ್ಟೆ ಹಿಡಿದು ಅಲ್ಲಿಗೆ ಹೋಗು.
ಪ್ರೀತಿ ಗೀತಿ ಬೇಡ ಅಂದರೆ ಕೇಳುವವಳೇ ನೀನು?
ಮಾಡು.
ಕಾರಿರುವವನನ್ನು ಮಾತ್ರ ಬೇಡ.

ಅಷ್ಟೆ. ದೀಪ ಆರಿಸು.
ಆ ಕಂದು ಅಂಗಿ ಒಪ್ಪುತ್ತದೆ.
ಅಯ್ಯೋ, ಅದಲ್ಲ, ಅದು ನನ್ನದು.
ಹೋಗಲಿ,
ಅದೇ ಇರಲಿ.

*

ಇದನ್ನು ನಿನಗೆ ಹೇಳಿಲ್ಲ:
ಅಕ್ಟೋಬರಿನ ಒಂದು ಮಂಗಳವಾರ
ಪಾಳಿ ಮುಗಿಸಿ ಬಸ್ಸಿನ ಮೇಲ್ಮಹಡಿಯಲ್ಲಿ ಬರುತ್ತಿದ್ದೆ.
ಸಿಗ್ನಲ್ಲಿಗೆ ನಿಂತಿತು.
ಎದುರಿಗೇ ನಿಮ್ಮ ಲೈಬ್ರರಿಯ ಗಾಜು,
ಒಳಗೆ ನನ್ನ ಕಂದು ಅಂಗಿ.
ಮಂಗಳವಾರ, ಹನ್ನೆರಡೂವರೆ:
ಫ್ರಿಜ್ಜಿಗೆ ನೀನಂಟಿಸಿದ ಹಾಳೆ ನನಗೆ ಬಾಯಿಪಾಠ.
ಬಿಳಿ ಚೌಕ.

ಓದುತ್ತಿದ್ದೀಯ ಅಂದುಕೊಂಡು ಬೀಗಿದೆ.
ನೋಡಿದರೆ, ತೆರೆದ ಪುಸ್ತಕದ ಮೇಲೆ ಕೆನ್ನೆಯಿಟ್ಟು
ಬಾಯಿ ತೆರೆದು ನಿದ್ದೆ.
ಪಕ್ಕದಲ್ಲಿ ಕನ್ನಡಕದ ಹುಡುಗಿಯೊಬ್ಬಳು
ನಿನ್ನ ಬೆರಳಿಂದ ಪೆನ್ನನ್ನು ಮೆಲ್ಲಗೆ ಬಿಡಿಸಿ
ಮುಚ್ಚಳ ಹಾಕಿಟ್ಟಳು.

ಬೈಯಲೆಂದೇ ಫೋನ್ ತೆಗೆದೆ.
‘ಏಳೇ’ ಎಂದು ಬರೆದು
ಅಳಿಸಿದೆ.
ಮಂಜು ಹಿಡಿದ ಗಾಜನ್ನು ತೋಳಿನಿಂದ ಒರೆಸಿ
ಇನ್ನೊಮ್ಮೆ ನೋಡುವಷ್ಟರಲ್ಲಿ
ಬಸ್ಸು ಹೊರಟಿತ್ತು.