ಜ್ವರಕ್ಕೆ ಕೂತ ಹೊತ್ತು

ನಂದಿ ಬೆಟ್ಟ ಇಳಿದ ಕಾರುಗಳು
ಭಾನುವಾರ ಹತ್ತಕ್ಕೆಲ್ಲ ಚಿಕ್ಕಬಳ್ಳಾಪುರದ ನಮ್ಮ ಬಾಗಿಲಲ್ಲಿ.
ಚಪ್ಪಲಿ ಹೊರಗೆ, ಕೈಗೆ ಔಷಧಿ ನೀರು,
ತಲೆಗೆ ಇನ್ನೂರೈವತ್ತು, ಒಂದು ಗಂಟೆ, ಹನ್ನೊಂದು ಬೆಕ್ಕು.
ನಾನು ಪಿಳ್ಳಮ್ಮ. ಮರಳಿನ ಟ್ರೇ ನನ್ನದು,
ಸೋಫಾದ ಕೂದಲು ನನ್ನದು.
ಹೆಸರು ಕೇಳಿ ಹುಡುಗರು ನಗುತ್ತಾರೆ;
ಮನೇಲಿ ತೆಲುಗಾಡೋ ನಮಗೆ ಬೆಕ್ಕು ಅಂದರೆ ಪಿಲ್ಲಿ.
ನಗಲಿ, ಹನ್ನೆರಡನೇ ಬೆಕ್ಕು ನಾನು.

ಇದಕ್ಕೆ ಮೊದಲು ಹುಳದ ಮನೆಯಲ್ಲಿದ್ದೆ,
ಜಂಗಮಕೋಟೆ ಕಡೆ, ಹದಿನೆಂಟು ವರ್ಷ.
ಅಲ್ಲಿಗೆ ಹೂ ಮುಡಿದು ಹೋಗುವಂತಿರಲಿಲ್ಲ,
ಬೀಡಿ, ಪೌಡರು, ಒಗ್ಗರಣೆ, ಯಾವ ವಾಸನೆಯೂ ಕೂಡದು.
ಹುಳ ಜ್ವರಕ್ಕೆ ಕೂತರೆ,
ತಲೆ ಎತ್ತಿ, ಸೊಪ್ಪು ಬಿಟ್ಟು, ಹಳೇ ಚರ್ಮದೊಳಗೆ ಸುಮ್ಮನೆ ಕೂತರೆ,
ತಟ್ಟೆ ಅಲುಗಿಸುವಂತಿಲ್ಲ.
ಮಗು ಅತ್ತರೆ ಹೊರಗೆತ್ತಿಕೊಂಡು ಹೋಗುತ್ತಿದ್ದೆವು.
ನಾಲ್ಕು ಜ್ವರ. ನಾಲ್ಕು ಸಲವೂ ಮನೆಮಂದಿಯೆಲ್ಲ ಪಿಸುಮಾತು.

ಇಲ್ಲಿ ಲಾಟೆ ಅಂತ ಒಂದಿದೆ, ಕಾಫಿಯ ಹೆಸರಂತೆ.
ಮೈ ಹಾಲು, ಮೂತಿ ಬಾಣಲೆ ತಳ.
ಹೊಟ್ಟೆ ನೆಕ್ಕಿ ನೆಕ್ಕಿ ಕೂದಲೇ ಉಳಿದಿಲ್ಲ,
ಪುಕ್ಕ ಕಿತ್ತ ಕೋಳಿಯ ಹಾಗೆ.
"ಎಷ್ಟು ಸ್ವಚ್ಛ ನೋಡು" ಅಂದಳು ಒಬ್ಬಾಕೆ,
ಅದನ್ನೇ ಫೋಟೋ ತೆಗೆದಳು.
ಡಾಕ್ಟರು ಕಜ್ಜಿಯಿಲ್ಲ, ಉಣ್ಣೆಯಿಲ್ಲ ಅಂದರು,
ಮನಸ್ಸು ಅಂದರು, ಚೀಟಿ ಮಡಚಿ ಕೊಟ್ಟರು.

ನಾನು ಮನೆಯಿಂದ ಹಳೇ ಚಂದ್ರಿಕೆ ತಂದೆ,
ಬಿದಿರಿನದು, ನಡುವಿನ ಸುರುಳಿ ಬಿಟ್ಟುಹೋದದ್ದು.
ಬಸ್ಸಲ್ಲಿ ಅದಕ್ಕೂ ಒಂದು ಟಿಕೆಟ್ ಹರಿದರು.
ಮೂಲೆಗೆ ಒರಗಿಸಿ ಟ್ರೇ ತೊಳೆದು ಬರುವಷ್ಟರಲ್ಲಿ
ಲಾಟೆ ಅದರ ಹಿಂದೆ
ಕಾಲು ಮಡಚಿ, ಕಣ್ಣು ಮುಚ್ಚಿ
ಜ್ವರಕ್ಕೆ ಕೂತಿತ್ತು.

ಭಾರ್ಗವ ಒಳ್ಳೇ ಹುಡುಗ, ಇಲ್ಲ ಅಂದರೆ ನನ್ನ ನಾಲಿಗೆ ಬಿದ್ದೀತು.
ಅಗ್ಗದ ಮೀನಿನ ಡಬ್ಬಿ ತರುವವನಲ್ಲ.
"ದುಡ್ಡು ಕೊಟ್ಟವರಿಗೆ ಬೆಕ್ಕು ಕಾಣಬೇಕಲ್ಲ, ಪಿಳ್ಳಮ್ಮ" ಅಂದ.
ಚಂದ್ರಿಕೆಯನ್ನು ಗೋಡೆಗೆ ಮೊಳೆ ಹೊಡೆದು ನೇತುಹಾಕಿದ,
ಪುಟ್ಟ ಬಲ್ಬಿನ ಸರ ಸುತ್ತಿದ.
ಚೆಂದವೇ ಕಾಣುತ್ತೆ. ಎಲ್ಲರೂ ಅದರ ಮುಂದೆ ನಿಂತು ಹಲ್ಲು ಬಿಡುತ್ತಾರೆ.

ಅವನಿಗೇನು ಹೇಳಲಿ?
ಹುಳಕ್ಕೆ ನಾವು ಕೊಟ್ಟ ಮೌನವೂ ಪುಣ್ಯದ್ದಲ್ಲ.
ಗೂಡು ಕಟ್ಟಿ ಮುಗಿಸಿದ ಮೇಲೆ
ಬಿಸಿನೀರು ಕಾದಿತ್ತು, ಮಾರ್ಕೆಟ್ಟಿನ ತಕ್ಕಡಿ ಕಾದಿತ್ತು.
ನೂಲು ಹರಿಯಬಾರದು, ಅದಕ್ಕೆ ಪಿಸುಮಾತು.
ಈ ಬೆಕ್ಕು ಏನೂ ನೂಲುವುದಿಲ್ಲ.
ಯಾವ ಲೆಕ್ಕಕ್ಕೆ ಬರೆದು ಇದಕ್ಕೊಂದು ಮೂಲೆ ಕೇಳಲಿ?

ಈಗ ಪೊರಕೆ ಇಡೋ ಕೋಣೆಯ ಬಾಗಿಲನ್ನು
ನಾಲ್ಕು ಬೆರಳಷ್ಟು ತೆರೆದಿಡುತ್ತೇನೆ.
ಬಕೆಟ್ಟಿನ ಹಿಂದೆ ನನ್ನ ಹಳೇ ಸ್ವೆಟರು.
"ಆಂಟಿ, ಬೋರ್ಡಲ್ಲಿ ಹನ್ನೊಂದು ಅಂತಿದೆ, ಹತ್ತೇ ಇವೆ?"
ಎಣಿಸೋಕೆ ಬರಲ್ಲಪ್ಪ ನನಗೆ, ಅನ್ನುತ್ತೇನೆ,
ಇವತ್ತೂ ಹೂ ಮುಡಿಯದೆ ಬಂದ ತಲೆಯನ್ನು
ಕೆರೆದುಕೊಳ್ಳುತ್ತಾ.