ಐನೂರು ಕಡಿಮಿ

ಬೆಟಗೇರಿಯ ಓಣಿಯೊಳಗೆ ಬ್ಯಾಂಡಿನವರ ಅಂಗಡಿ.
ತಂಗಿಯ ಮದುವೆಗೆ ರೇಟು ಕೇಳಲು ಹೋದವಳು ನಾನು,
ಪ್ರೆಸ್ಸಿನಲ್ಲಿ ಹದಿನಾಲ್ಕು ವರ್ಷ ಕರಡು ತಿದ್ದಿದವಳು;
ಕಣ್ಣಿಗೆ ತಪ್ಪೇ ಮೊದಲು ಬೀಳುವುದು.
'ಸುಪ್ರಸಿದ್ದ' ಎಂದಿತ್ತು ಬೋರ್ಡು,
ಒತ್ತಿಗೆ ಹೊಟ್ಟೆ ಸೀಳಿರಲಿಲ್ಲ.

ಮೌಲಾಸಾಬ ಪಿಂಜಾರ ಹನ್ನೊಂದು ಸಾವಿರ ಅಂದ.
ಹತ್ತೂವರೆ ಅಂದೆ.
ಅವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ,
ಕ್ಲಾರಿಯೋನೆಟ್ಟಿನ ಸಡಿಲ ಕೀಲಿಗೆ
ಚಪ್ಪಲಿ ಹೊಲಿಯುವವರಿಂದ ತಂದ ಮೆತ್ತನೆ ತೊಗಲು ಅಂಟಿಸಿ
ಗಾಳಿ ಸೋರುತ್ತದೋ ನೋಡಲು ಊದಿದ.

ಸೋರಲಿಲ್ಲ.

ಸಿನಿಮಾದ್ದಲ್ಲ, ಅಷ್ಟು ತಿಳಿಯಿತು.
ಎಲ್ಲೋ ಕೇಳಿದ್ದೇನೆ. ಹೌದು, ಪಂಜಾ ಎದ್ದ ರಾತ್ರಿ
ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕುವವರ ಪದ.
ಅಂದುಕೊಳ್ಳುವಷ್ಟರಲ್ಲಿ ಅದು ತಲೆ ಬಾಗಿಸಿ
ಮಿಶನ್ ಚರ್ಚಿನ ಮೆಟ್ಟಿಲು ಹತ್ತಿತು,
ಭಾನುವಾರದ ಬಿಳಿ ಅಂಗಿ ತೊಟ್ಟು ನಾಲ್ಕು ಸಾಲು ನಿಂತು
ಐದನೆಯದಕ್ಕೆ ಹೊರಬಿದ್ದು ತಾಂಡಾದ ಹಾದಿ ಹಿಡಿಯಿತು.
ಎಲ್ಲಿ ತಪ್ಪಿದೆ ಎಂದು ಕಿವಿ ಬೆರಳಿಟ್ಟು ಹುಡುಕಿತು.
ಎರಡು ಅಕ್ಷರ ಕೂಡಿ ಒತ್ತಕ್ಷರ ಆಗುತ್ತದಲ್ಲ,
ಮೇಲಿನದು ಬೇರೆ ಕೆಳಗಿನದು ಬೇರೆ ಎಂದು ಬಿಡಿಸಿದರೆ
ಶಬ್ದವೇ ಸತ್ತುಹೋಗುತ್ತದೆ,
ಹಾಗಿತ್ತು.
ಸುತ್ತಾಡಿ ಸುತ್ತಾಡಿ ಒಂದೇ ತಗ್ಗಿನ ಸ್ವರಕ್ಕೆ
ಮನೆಗೆ ಬಂದಂತೆ ಬರುತ್ತಿತ್ತು.

ಯಾವ ರಾಗ ಇದು?

"ರಾಗ ಯಾರಿಗ್ಗೊತ್ರೀ ಅಕ್ಕಾರ. ಅಪ್ಪ ಅರಳಿ ಹಿಂಜತಿದ್ದ,
ಬಿಲ್ಲಿನ ತಂತಿ ಗುಂಯ್ ಅಂತಿತ್ತು, ಅದು ತಳಪಾಯ.
ನಡುವಿಂದು... ಚಳಿಗಾಲಕ್ಕ ಸ್ವೆಟರ್ ಮಾರಾಕ
ಮುಂಡಗೋಡದಿಂದ ಬರತಾಳಲ್ಲ, ಆ ಟಿಬೇಟಿನ ಮುದುಕಿ,
ಗಿರಾಕಿ ಇಲ್ದಾಗ ಗುನುಗತಿದ್ಲು.
ಕಿವಿಟೊಪ್ಪಿಗಿ ಕೊಂಡೆ, ಹಾಡು ಪುಕ್ಕಟ ಬಂತು."

ನನಗೆ ಗುರುತು ಸಿಗದೆ ಬಿಟ್ಟುಹೋದದ್ದು ಅದೇ.

ಮದುವೆಯಲ್ಲಿ ಇದನ್ನೇ ಬಾರಿಸ್ರಿ ಅಂದೆ.
ನಕ್ಕ. "ಇದಕ್ಕ ಯಾರು ಕುಣೀತಾರ?"

ಮೆರವಣಿಗೆ ಟಾಂಗಾಕೂಟದ ಹತ್ತಿರ ಬಂದಾಗ ಜನರೇಟರ್ ಕೆಟ್ಟು
ತಲೆಯ ಮೇಲಿನ ದೀಪಗಳೆಲ್ಲ ಆರಿದವು.
ಹುಡುಗರು ಸೀಟಿ ಹೊಡೆಯುತ್ತಿದ್ದರು.
ಕತ್ತಲಲ್ಲಿ ಅವನು ಅದನ್ನು ತೆಗೆದ, ಮೂರೇ ನಿಮಿಷ.
ಯಾರೂ ಕುಣಿಯಲಿಲ್ಲ, ಖರೆ.
ಸಾರೋಟಿನವನು ಮಾತ್ರ ಕುದುರೆಯ ಕತ್ತು ತಟ್ಟುತ್ತ
"ಇದು ನಮ್ಮೂರ ಕಡೇದು" ಅಂದ.
ಯಾವೂರು ಎಂದು ಕೇಳುವ ಮೊದಲೇ ದೀಪ ಬಂದವು.

ಲೆಕ್ಕ ಚುಕ್ತಾ ಮಾಡುವಾಗ ಎಣಿಸಿ ಕೊಟ್ಟೆ.
ಹತ್ತೂವರೆ.

ಈಗ ಯಾರದೋ ಲಗ್ನಪತ್ರಿಕೆಯ ಮೇಲೆ
ಕೆಂಪು ಪೆನ್ನು ಹಿಡಿದು ಕೂತಿದ್ದೇನೆ.
ಆ ಐನೂರು ಕಣ್ಣಿಗೆ ಬೀಳುತ್ತಲೇ ಇದೆ,
ಅಚ್ಚಾಗಿ ಹಂಚಿದ ಮೇಲೆ ಕಂಡ ತಪ್ಪಿನ ಹಾಗೆ.